ತಿದ್ದುಪಡಿ ಭಾವನ ಜೋಡಿ ಪದಗಳು

ಆ ಬೀದಿಯವರು ಅವರಿಗೆ ಇಟ್ಟ ಹೆಸರು ತಿದ್ದುಪಡಿ. ಎದುರಿಗೆ ಯಾರೂ ಹಾಗೆ ಕರೆಯುತ್ತಿರಲಿಲ್ಲ, ಆದರೆ ಅವರ ಕಿವಿಗೆ ಬೀಳದ ಹೆಸರೇನೂ ಅಲ್ಲ ಅದು. ಮೂವತ್ತನಾಲ್ಕು ವರ್ಷ ಒಂದೇ ಪ್ರೆಸ್ಸಿನಲ್ಲಿ ಪ್ರೂಫ್ ನೋಡಿ ನಿವೃತ್ತರಾದ ಮನುಷ್ಯನಿಗೆ ಅದು ಬಿರುದಿನ ಹಾಗೇ ಕೇಳಿಸುತ್ತಿತ್ತು. ನಿವೃತ್ತಿಯಾದದ್ದು ಕೆಲಸದಿಂದ ಮಾತ್ರ, ಚಾಳಿಯಿಂದಲ್ಲ. ಔಷಧಿ ಡಬ್ಬಿ, ಬಸ್ ಟಿಕೆಟ್ಟು, ಮನೆ ಬಾಡಿಗೆಗಿದೆ ಎಂಬ ರಟ್ಟು, ಯಾವುದು ಕಣ್ಣಿಗೆ ಬಿದ್ದರೂ ಜೇಬಿನಿಂದ ಕೆಂಪು ಪೆನ್ಸಿಲ್ ಹೊರಗೆ ಬರುತ್ತಿತ್ತು. ಮೂಲೆಯ ಕ್ಷೌರದಂಗಡಿಯವನು ಹೊಸ ಬೋರ್ಡು ಬರೆಸಿದ ವಾರ, ಇವರು ವಾಕಿಂಗ್ ಬರುವ ಹೊತ್ತಿಗೆ ಅದರ ಮೇಲೆ ಟವೆಲ್ ಇಳಿಬಿಡುತ್ತಿದ್ದನಂತೆ. ಜನ ಹೇಳುತ್ತಾರೆ, ಹೇಳುವ ಬಾಯಿಗೆ ಅಡ್ಡ ಹಾಕುವವರು ಯಾರು?

ಅವರ ಬಳಿ ಒಂದು ಉದ್ದನೆಯ ರಿಜಿಸ್ಟರ್ ಇತ್ತು. ಪ್ರೆಸ್ಸಿಗೆ ಬರುತ್ತಿದ್ದದ್ದು ಬಹುಪಾಲು ಇಂಗ್ಲಿಷ್ ಕೆಲಸ. ಬರೆದವರು ಒಂದು ಪದ ಬರಬೇಕಾದ ಕಡೆ ಅದರ ಪಕ್ಕದ ಮನೆಯ ಪದವನ್ನು ತಂದು ಕೂರಿಸಿರುತ್ತಿದ್ದರು. ಅಂಥದ್ದು ಸಿಕ್ಕಾಗಲೆಲ್ಲ ಇವರು ಎರಡನ್ನೂ ರಿಜಿಸ್ಟರಿನಲ್ಲಿ ಅಕ್ಕಪಕ್ಕ ಬರೆದು ವ್ಯತ್ಯಾಸ ಗುರುತು ಮಾಡಿಕೊಳ್ಳುತ್ತಿದ್ದರು. ಶೇಡ್ ಅಂದರೆ ಬಿಸಿಲಿನಿಂದ ತಪ್ಪಿಸಿಕೊಂಡು ಕೂರುವ ಜಾಗ. ಶ್ಯಾಡೋ ಅಂದರೆ ಆಕಾರ ಇರುವ ನೆರಳು, ಅದರಲ್ಲಿ ಕೂರುವುದಕ್ಕಾಗದು. ಕಳ್ಳ ರಾಬ್ ಮಾಡುವುದು ಮನುಷ್ಯನನ್ನು, ಸ್ಟೀಲ್ ಮಾಡುವುದು ಅವನ ಗಡಿಯಾರವನ್ನು. ಹಿಯರ್ ಅಂದರೆ ಕಿವಿಗೆ ಬಿದ್ದದ್ದು, ಲಿಸನ್ ಅಂದರೆ ಕಿವಿಗೊಟ್ಟದ್ದು. ಹೀಗೆ ನಾನೂರ ಹನ್ನೆರಡು ಜೋಡಿ. ಹೆಂಡತಿ ಬದುಕಿದ್ದಾಗ, "ನಮ್ಮದೊಂದು ಜೋಡಿ ಬಿಟ್ಟು ಉಳಿದ ಎಲ್ಲಾ ಜೋಡಿಗಳ ಮೇಲೂ ನಿಮಗೆ ಗಮನ" ಎಂದು ಛೇಡಿಸುತ್ತಿದ್ದಳು. ಆಕೆ ಹೋಗಿ ನಾಲ್ಕು ವರ್ಷವಾಗಿತ್ತು.

ಹಿತ್ತಲ ಗೋಡೆಯ ಆಚೆ ಮನೆಯವಳು ಆಸ್ಪತ್ರೆಯಲ್ಲಿ ಆಯಾ. ಆಗ ತಾನೇ ಹುಟ್ಟಿದ ಮಕ್ಕಳ ವಾರ್ಡಿನಲ್ಲಿ ಹತ್ತೊಂಬತ್ತು ವರ್ಷ ಸವೆಸಿದವಳು. ಬಾಣಂತಿಯರು ಅವಳನ್ನು ತೊಟ್ಟಿಲಮ್ಮ ಅನ್ನುತ್ತಿದ್ದರು. ಗಂಡ ಬ್ರೆಡ್ ಸಾಗಿಸುವ ವ್ಯಾನ್ ಓಡಿಸುತ್ತಿದ್ದ. ಅವಳು ಪ್ರೂಫ್ ನೋಡುವವರ ಹೆಂಡತಿಯನ್ನು ಅಕ್ಕ ಎಂದು ಕರೆದು ಕರೆದು, ಆ ಲೆಕ್ಕದಲ್ಲಿ ಇವರು ಭಾವ ಆಗಿದ್ದರು. ಅಕ್ಕ ಹೋದ ಮೇಲೂ ಭಾವ ಭಾವನಾಗಿಯೇ ಉಳಿದರು.

ಒಂದು ದಿನ ಸಂಜೆ ತೊಟ್ಟಿಲಮ್ಮ ಬಂದು ಬಾಗಿಲಲ್ಲೇ ನಿಂತಳು. ಮುಖ ಸೊಪ್ಪಾಗಿತ್ತು.

"ಭಾವ, ನನಗೆ ಇಂಗ್ಲಿಷ್ ಕಲಿಸಿ."

"ಏನಾಯ್ತಮ್ಮ? ಈ ವಯಸ್ಸಲ್ಲಿ ಇದ್ದಕ್ಕಿದ್ದ ಹಾಗೆ?"

ಆಗಿದ್ದು ಇಷ್ಟು. ಹಿಂದಿನ ತಿಂಗಳು ಇನ್ನೊಬ್ಬ ಆಯಾ, ಹಾಲು ಕೊಡಬಾರದು ಎಂದು ನರ್ಸ್ ಬರೆದಿದ್ದ ಚಾರ್ಟನ್ನು ಓದಲಾಗದೆ, ಮಗುವಿಗೆ ಬಾಟಲಿ ಇಟ್ಟುಬಿಟ್ಟಿದ್ದಳು. ಮಗು ಹೇಗೋ ಪಾರಾಯಿತು. ಆದರೆ ಹೊಸ ಮೇಟ್ರನ್ ಕಡ್ಡಿ ಮುರಿದ ಹಾಗೆ ಹೇಳಿದ್ದಳು: ತೊಟ್ಟಿಲಿಗೆ ತೂಗುಹಾಕಿದ ಚಾರ್ಟು ಅರ್ಥವಾಗದವರು ಇನ್ನು ಮಕ್ಕಳ ವಾರ್ಡಿನಲ್ಲಿ ಇರುವಂತಿಲ್ಲ. ಎರಡು ತಿಂಗಳ ನಂತರ ಪರೀಕ್ಷೆ. ಚಾರ್ಟಿನಿಂದ ಇಪ್ಪತ್ತು ಪದ ಕೇಳುತ್ತಾರೆ, ಅರ್ಥವನ್ನು ನಮ್ಮ ಮಾತಿನಲ್ಲೇ ಹೇಳಬಹುದು. ಹನ್ನೆರಡು ಸರಿಯಾದರೆ ವಾರ್ಡು, ಇಲ್ಲದಿದ್ದರೆ ನೆಲಮಾಳಿಗೆಯ ಲಾಂಡ್ರಿ.

"ಲಾಂಡ್ರಿ ಕೆಲಸ ಕೀಳು ಅಂತ ಅಲ್ಲ ಭಾವ," ಅಂದಳು. "ಆದ್ರೆ ಹತ್ತೊಂಬತ್ತು ವರ್ಷ ಈ ಕೈಯಲ್ಲಿ ಮಕ್ಕಳನ್ನ ಎತ್ತಿದೀನಿ. ಇನ್ನು ಬರೀ ಅವರ ಬಟ್ಟೆ ಎತ್ತಬೇಕು ಅಂದ್ರೆ..."

ತಿದ್ದುಪಡಿಯವರು ಎದ್ದರು. ರಿಜಿಸ್ಟರ್ ತೆಗೆದು ಧೂಳು ಕೊಡವಿದರು. "ಅಕ್ಷರ ಬರುತ್ತಲ್ಲ?"

"ಏಳನೇ ಕ್ಲಾಸು. ಕೂಡಿಸಿ ಕೂಡಿಸಿ ಓದ್ತೀನಿ."

"ಹಾಗಾದ್ರೆ ಅರ್ಧ ಕೆಲಸ ಆಯ್ತು. ಕೇಳು. ಯಾವ ಪದವೂ ಒಂಟಿಯಾಗಿ ಅರ್ಥ ಆಗಲ್ಲ. ಅದರ ಪಕ್ಕದವನ ಜೊತೆ ನಿಲ್ಲಿಸಿ ನೋಡ್ಬೇಕು. ಇಬ್ಬರಿಗೂ ಏನು ವ್ಯತ್ಯಾಸ ಅಂತ ಗೊತ್ತಾದ್ರೆ ಮುಗೀತು."

ಭಾನುವಾರ ಬಿಟ್ಟು ದಿನವೂ ಐದು ಗಂಟೆಗೆ ಪಾಠ. ತೊಟ್ಟಿಲಮ್ಮ ಡ್ಯೂಟಿ ಮುಗಿಸಿ, ಮನೆಗೆ ಹೋಗಿ ಮುಖ ತೊಳೆದು, ಹಿತ್ತಲ ಬಾಗಿಲಿನಿಂದ ಬರುತ್ತಿದ್ದಳು. ವಾರ್ಡಿನ ಚಾರ್ಟುಗಳಿಂದ ಪದಗಳನ್ನು ಚೀಟಿಯಲ್ಲಿ ಇಳಿಸಿಕೊಂಡು ತರುತ್ತಿದ್ದಳು. ತಿದ್ದುಪಡಿಯವರು ಪ್ರತಿ ಪದಕ್ಕೂ ಒಂದು ಜೊತೆ ಹುಡುಕಿ ಕೊಡುತ್ತಿದ್ದರು. ವಾರ್ಮ್‌ಗೆ ಹಾಟ್. ಪೇಲ್‌ಗೆ ವೈಟ್. ವೀಕ್‌ಗೆ ಟಯರ್ಡ್. ಜೊತೆ ಸಿಗದ ಪದ ಬಂದರೆ ಇಡೀ ಸಂಜೆ ಗಡ್ಡ ಕೆರೆದುಕೊಂಡು ಹುಡುಕುತ್ತಿದ್ದರು, ಸಂಬಂಧ ಕುದುರಿಸುವವರು ಹೆಣ್ಣಿಗೆ ಗಂಡು ಹುಡುಕಿದ ಹಾಗೆ. ಕೋಪವೂ ಮೂಗಿನ ತುದಿಯಲ್ಲೇ ಇರುತ್ತಿತ್ತು. ಅವಳು ತಪ್ಪು ಹೇಳಿದರೆ ಕೆಂಪು ಪೆನ್ಸಿಲಿನಿಂದ ಮೇಜು ಕುಟ್ಟುತ್ತಿದ್ದರು. ಅವಳೇನು ಕಮ್ಮಿ? "ಭಾವ, ನೀವು ಹೀಗೆ ಕುಟ್ಟಿದ್ರೆ ನಮ್ಮ ವಾರ್ಡಿನ ಮಕ್ಕಳೆಲ್ಲ ಎದ್ದು ಅಳ್ತಾವೆ," ಎನ್ನುತ್ತಿದ್ದಳು. ಅವರಿಗೆ ನಗು ಬಂದುಬಿಡುತ್ತಿತ್ತು. ಆ ಮನೆಯಲ್ಲಿ ನಾಲ್ಕು ವರ್ಷದಿಂದ ಯಾರೂ ಗಟ್ಟಿಯಾಗಿ ನಕ್ಕಿರಲಿಲ್ಲ.

ಎಂಟು ವಾರಕ್ಕೆ ಅರುವತ್ತು ಜೋಡಿ ಅವಳ ನಾಲಿಗೆಯ ತುದಿಗೆ ಬಂದವು. ಒಂದು ಹೇಳಿದರೆ ಇನ್ನೊಂದು ಓಡಿಬಂದು ಪಕ್ಕದಲ್ಲಿ ನಿಲ್ಲುತ್ತಿತ್ತು. "ನಿನಗೆ ಇಪ್ಪತ್ತಕ್ಕೆ ಇಪ್ಪತ್ತು," ಎಂದು ತಿದ್ದುಪಡಿಯವರು ಪರೀಕ್ಷೆಯ ದಿನ, ಶುಕ್ರವಾರ ಬೆಳಗ್ಗೆ, ಗೋಡೆಯ ಮೇಲಿನಿಂದಲೇ ಕೂಗಿ ಹೇಳಿ ಕಳಿಸಿದರು.

ಸಂಜೆ ಅವಳು ಬಂದಾಗ ಐದೂಮುಕ್ಕಾಲು. ಬಂದವಳು ಕುರ್ಚಿಯ ಮೇಲೆ ಕೂರದೆ ಹೊಸ್ತಿಲ ಮೇಲೆ ಕೂತಳು.

"ಎಷ್ಟು?"

"ಮೂರು."

"ಮೂರು ತಪ್ಪಾ?"

"ಮೂರು ಸರಿ."

ತಿದ್ದುಪಡಿಯವರಿಗೆ ಪಿತ್ತ ನೆತ್ತಿಗೇರಿತು. "ಅದು ಹೇಗಮ್ಮ ಸಾಧ್ಯ? ನಿನ್ನೆ ತಾನೇ ಎಲ್ಲಾ ಒಪ್ಪಿಸಿದೆಯಲ್ಲ! ಏನು ಕೇಳಿದ್ರು, ಏನು ಹೇಳಿದೆ, ಸರಿಯಾಗಿ ಹೇಳು."

"ಮೇಟ್ರನಮ್ಮ ವಾರ್ಮ್ ಅಂದ್ರೆ ಏನು ಅಂತ ಕೇಳಿದ್ರು. ನಾನು, ಹಾಟ್ ಅಲ್ಲ ಅಂದೆ."

"ಸರಿ."

"ಪೇಲ್ ಅಂದ್ರೆ ಅಂದ್ರು. ವೈಟ್ ಅಲ್ಲ ಅಂದೆ. ವೀಕ್ ಅಂದ್ರು. ಟಯರ್ಡ್ ಅಲ್ಲ ಅಂದೆ. ಅಲ್ಲ ಅನ್ನೋದು ಬಿಡಮ್ಮ, ಏನು ಹೌದು ಅಂತ ಹೇಳು ಅಂದ್ರು. ನನಗೆ ಬಾಯಿ ಕಟ್ಟಿಹೋಯ್ತು ಭಾವ. ಒಂದೊಂದೇ ಪದ ಕೇಳ್ತಾರೆ, ಪಕ್ಕದಲ್ಲಿ ಜೊತೆಯವನೇ ಇಲ್ಲ. ಮೂರಕ್ಕೆ ಹೇಗೋ ಉತ್ತರ ಬಂತು, ಉಳಿದ ಹದಿನೇಳಕ್ಕೂ ಅಲ್ಲ ಅಲ್ಲ ಅಂತಲೇ ಹೇಳಿ ಬಂದೆ. ಸೋಮವಾರದಿಂದ ಲಾಂಡ್ರಿ."

ಈಗ ಒಂದು ಮಾತನ್ನು ಮುಚ್ಚುಮರೆಯಿಲ್ಲದೆ ಹೇಳಿಬಿಡಬೇಕು, ಯಾಕೆಂದರೆ ತಿದ್ದುಪಡಿಯವರೇ ಅದನ್ನು ತಮ್ಮಿಂದ ಮುಚ್ಚಿಟ್ಟುಕೊಳ್ಳಲಿಲ್ಲ. ಅವಳು ಫೇಲಾದಳು ಎಂದು ತಿಳಿದ ಕೂಡಲೇ, ಕೋಪದ ಹಿಂದೆಯೇ, ಅವರಿಗೆ ಒಂದು ಗಳಿಗೆ ಖುಷಿಯಾಯಿತು. ಹಾಗಾದರೆ ಪಾಠ ಇನ್ನೂ ನಡೆಯಬೇಕಾಗುತ್ತದೆ, ಇವಳು ಇನ್ನೂ ಬರುತ್ತಾಳೆ ಅನ್ನಿಸಿತು. ಮರುಗಳಿಗೆಯಲ್ಲೇ ತಮ್ಮ ಬಗ್ಗೆ ತಮಗೇ ಹೇಸಿಗೆಯಾಯಿತು. ಒಬ್ಬಳ ಹತ್ತೊಂಬತ್ತು ವರ್ಷದ ಜಾಗ ಹೋಗಿ, ಅವಳು ಹೊಸ್ತಿಲ ಮೇಲೆ ಕೂತು ಸೆರಗಲ್ಲಿ ಕಣ್ಣೊರೆಸಿಕೊಳ್ಳುತ್ತಿರುವಾಗ ಇದೆಂಥ ಮನಸ್ಸು?

ಅವಳು ಹೋದ ಮೇಲೆ ರಿಜಿಸ್ಟರ್ ಬಿಚ್ಚಿದರು. ಒಂದೊಂದು ಪುಟವನ್ನೂ ಬೇರೆಯವರು ಬರೆದದ್ದೆಂಬಂತೆ ಓದಿದರು. ಎಲ್ಲಾ ಕಡೆ ಇದು ಅದಲ್ಲ, ಅದು ಇದಲ್ಲ. ಯಾವುದು ಏನು ಎಂದು ಎಲ್ಲೋ ನಾಲ್ಕು ಕಡೆ ಬರೆದಿದ್ದರು, ಅಷ್ಟೇ. ಮೂವತ್ತನಾಲ್ಕು ವರ್ಷ ಅವರ ಕೆಲಸ ತಪ್ಪು ಹಿಡಿಯುವುದಾಗಿತ್ತು. ಈ ಪದ ಇಲ್ಲಿ ಸಲ್ಲದು ಎಂದು ಗೆರೆ ಎಳೆದರೆ ಅವರ ಕರ್ತವ್ಯ ಮುಗಿಯಿತು. ಹಾಗೆ ನೋಡಿದರೆ ಆ ಹೆಂಗಸು ಫೇಲಾಗಿರಲಿಲ್ಲ, ಗುರುವಿನಿಂದ ಕಲಿತದ್ದನ್ನು ಚಾಚೂತಪ್ಪದೆ ಒಪ್ಪಿಸಿ ಬಂದಿದ್ದಳು. ಫೇಲಾದವರು ಇವರು. ಪ್ರೆಸ್ಸಿನಲ್ಲಿ ತಪ್ಪು ಅಚ್ಚಾದರೆ ಅಚ್ಚಿನ ಮೊಳೆ ಜೋಡಿಸಿದವನನ್ನು ಯಾರೂ ಬೈಯುತ್ತಿರಲಿಲ್ಲ, ಪ್ರೂಫ್ ನೋಡಿದವನನ್ನು ಕರೆಸುತ್ತಿದ್ದರು. ಅದು ನ್ಯಾಯ ಎಂದು ಅವರು ಎಂದೋ ಒಪ್ಪಿಕೊಂಡಿದ್ದವರು.

ಸೋಮವಾರ ಬೆಳಗ್ಗೆ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಆಸ್ಪತ್ರೆಗೆ ಹೋದರು.

ಮೇಟ್ರನ್ನಿನ ಕೋಣೆ ಮೊದಲ ಮಹಡಿಯ ಕೊನೆಯಲ್ಲಿತ್ತು. ಮೇಜಿನ ತುಂಬ ಫೈಲು, ಕಿಟಕಿಯ ಮೇಲೆ ಒಣಗಲು ಇಟ್ಟ ರಬ್ಬರ್ ಕೈಗವಸು. ಮೇಟ್ರನ್ ಕನ್ನಡಕವನ್ನು ನೆತ್ತಿಗೇರಿಸಿಕೊಂಡು ಯಾವುದೋ ಪಟ್ಟಿಗೆ ಸಹಿ ಹಾಕುತ್ತಿದ್ದಳು. ತಲೆ ಎತ್ತದೆಯೇ, "ವಿಸಿಟಿಂಗ್ ನಾಲ್ಕು ಗಂಟೆಗೆ," ಅಂದಳು.

"ಮಗು ನೋಡೋಕೆ ಬಂದಿಲ್ಲ. ಶುಕ್ರವಾರದ ಪರೀಕ್ಷೆ ವಿಷಯ. ಕೇಳಿದ್ದಕ್ಕೆಲ್ಲ ಅಲ್ಲ ಅಲ್ಲ ಅಂದ್ಲಲ್ಲ, ಆ ಆಯಾ..."

ಈಗ ತಲೆ ಎದ್ದಿತು. "ನೀವು ಅವಳಿಗೆ ಏನಾಗ್ಬೇಕು?"

"ಭಾವ ಅಂತಾಳೆ. ಪಾಠ ಹೇಳಿಕೊಟ್ಟವನು ನಾನು. ತಪ್ಪು ನಂದು, ಅವಳದ್ದಲ್ಲ. ಇನ್ನೊಂದು ಸಲ ಕೂರಿಸಿ ಅಂತ ಕೇಳೋಕೆ ಬಂದೆ."

ಮೇಟ್ರನ್ ಕೆಟ್ಟವಳಲ್ಲ, ಅದನ್ನು ಹೇಳಲೇಬೇಕು. ಆದರೆ ಬಾಟಲಿ ಇಟ್ಟ ಆ ದಿನ ಮಗುವಿನ ತುಟಿ ನೀಲಿಗಟ್ಟಿದ್ದನ್ನು ಕಣ್ಣಾರೆ ಕಂಡವಳು. "ನೋಡಿ ಯಜಮಾನ್ರೇ, ಅವಳ ಕೈಗುಣ ನನಗೂ ಗೊತ್ತು. ಆದ್ರೆ ಒಬ್ಬರಿಗೆ ಸಡಿಲ ಬಿಟ್ರೆ ನಾಳೆ ಹತ್ತು ಜನ ಬಂದು ನಿಲ್ತಾರೆ. ಮಗುವಿಗೆ ಹೆಚ್ಚುಕಮ್ಮಿ ಆದ್ರೆ ನೀವು ಬಂದು ಉತ್ತರ ಕೊಡ್ತೀರಾ?" ಎಂದು ಗೋಡೆಯ ಕಡೆ ಕೈ ತೋರಿಸಿದಳು. "ಅದಕ್ಕೇ ನಾನೇ ಕೂತು ನಿಯಮ ಬರೆದು ಹಾಕಿದೀನಿ."

ತಿದ್ದುಪಡಿಯವರು ಗೋಡೆಯ ಕಡೆ ನೋಡಿದರು, ನೋಡಬಾರದಿತ್ತು. ಇಂಗ್ಲಿಷಿನಲ್ಲಿ ದಪ್ಪ ಅಕ್ಷರದ ನಿಯಮಗಳು, ಗಾಜು ಕಟ್ಟು ಹಾಕಿಸಿದ್ದು. ಮೂರನೆಯ ಸಾಲಿನಲ್ಲಿ, ಆಯಾಗಳು ಮಕ್ಕಳ ಮೇಲೆ ಸದಾ ಕಣ್ಣಿಟ್ಟಿರಬೇಕು ಎಂದು ಹೇಳಲು ಹೋಗಿ, ವಾಚ್ ಎಂದು ಇರಬೇಕಾದ ಜಾಗದಲ್ಲಿ ಸೀ ಎಂದು ಬರೆದಿತ್ತು. ಕಣ್ಣಿಗೆ ಬೀಳುವುದಕ್ಕೂ ಕಣ್ಣಿಟ್ಟು ಕಾಯುವುದಕ್ಕೂ ಎಷ್ಟು ದೂರ! ಅವರ ಬೆರಳುಗಳು ತಾವಾಗಿಯೇ ಜೇಬಿಗೆ ಹೋಗಿ ಪೆನ್ಸಿಲ್ ಮುಟ್ಟಿದವು. ಜೀವಮಾನದಲ್ಲಿ ಅವರು ಒಂದು ತಪ್ಪನ್ನು ಕಂಡೂ ಕಾಣದಂತೆ ಬಿಟ್ಟವರಲ್ಲ, ಸ್ವಂತ ಮದುವೆಯ ಕಾಗದವನ್ನೇ ಮಾವನ ಮನೆಗೆ ತಿದ್ದಿ ವಾಪಸು ಕಳಿಸಿದ್ದವರು. ಆದರೆ ಹೊಸ್ತಿಲ ಮೇಲೆ ಕೂತವಳ ಮುಖ ನೆನಪಾಯಿತು. ನಾಲಿಗೆ ಕಚ್ಚಿಕೊಂಡರು.

"ಚೆನ್ನಾಗಿ ಬರೆದಿದೀರಿ," ಅಂದರು. ಆ ಮಾತು ಹೇಳುವಾಗ ಅವರಿಗೆ ಹಲ್ಲುನೋವಿನಷ್ಟು ಸಂಕಟವಾಯಿತು.

ಮೇಟ್ರನ್ ಕನ್ನಡಕ ಇಳಿಸಿಕೊಂಡು ಅವರನ್ನು ನೋಡಿದಳು. "ಗುರುವಾರ ಹನ್ನೊಂದು ಗಂಟೆ. ಬೇರೆ ಇಪ್ಪತ್ತು ಪದ. ಇದೇ ಕೊನೆ."

ಸುದ್ದಿ ಹೇಳಲು ನೆಲಮಾಳಿಗೆಗೆ ಇಳಿದರು. ಅಲ್ಲಿ ಹಬೆ, ಮಷೀನುಗಳ ಗಡಗಡ, ಸೋಪಿನ ಘಾಟು. ತೊಟ್ಟಿಲಮ್ಮ ಮಕ್ಕಳ ಪುಟ್ಟ ಪುಟ್ಟ ಹಾಸುಬಟ್ಟೆಗಳನ್ನು ಮಡಚುತ್ತಿದ್ದಳು. ಭಾವನನ್ನು ನೋಡಿ ಕೈ ಒರೆಸಿಕೊಂಡು ಬಂದಳು. ವಿಷಯ ಕೇಳಿದ ಮೇಲೂ ಅವಳ ಮುಖ ಅರಳಲಿಲ್ಲ.

"ಮೂರು ದಿನದಲ್ಲಿ ಇನ್ನೇನು ಕಲೀತೀನಿ ಭಾವ?"

"ಈ ಸಲ ನೀನು ಕಲಿಯೋದಿಲ್ಲ, ನಾನು ಕಲೀತೀನಿ. ವೀಕ್ ಅಂತ ಚಾರ್ಟಲ್ಲಿ ಬರೆದ ಮಗುವನ್ನ ಎತ್ತಿಕೊಂಡಿದ್ದೀಯಾ?"

"ಎಷ್ಟೋ."

"ಅದು ಹೇಗಿರುತ್ತೆ ಹೇಳು. ಏನಲ್ಲ ಅಂತ ಹೇಳ್ಬೇಡ. ಹೇಗಿರುತ್ತೆ?"

ಅವಳು ಒಂದು ಹಾಸುಬಟ್ಟೆಯನ್ನು ಸುರುಳಿ ಸುತ್ತಿ ಮೊಳಕೈ ಮೇಲೆ ಇಟ್ಟುಕೊಂಡಳು. ಯೋಚಿಸಬೇಕಾಗಿಯೇ ಬರಲಿಲ್ಲ. "ಬಾಟಲಿ ಇಟ್ರೆ ಬಾಯಿ ಹಾಕುತ್ತೆ ಭಾವ. ಆಸೆ ಇರುತ್ತೆ. ನಾಲ್ಕು ಸಲ ಚೀಪಿ ನಿಲ್ಲಿಸಿಬಿಡುತ್ತೆ. ಅಳ್ತಿದ್ರೂ ಪಕ್ಕದ ತೊಟ್ಟಿಲಿಗೆ ಕೇಳಿಸಲ್ಲ. ಬೆರಳು ಕೊಟ್ರೆ ಹಿಡಿಯುತ್ತೆ, ಹಿಡಿದಿದ್ದು ಜಾರಿ ಹೋಗುತ್ತೆ."

ತಿದ್ದುಪಡಿಯವರು ಹಬೆಯಲ್ಲಿ ಮಂಜಾದ ಕನ್ನಡಕ ಒರೆಸಿಕೊಂಡು ಬರೆದುಕೊಂಡರು. ನಾನೂರ ಹನ್ನೆರಡು ಜೋಡಿ ಬರೆದ ಕೈ ಅದು. ಇಂಥ ಒಂದು ಸಾಲನ್ನು ಅದು ಹಿಂದೆಂದೂ ಬರೆದಿರಲಿಲ್ಲ.

ಮೂರು ಸಂಜೆ ಪಾಠ ತಿರುಗುಮುರುಗಾಗಿ ನಡೆಯಿತು. ಭಾವ ಪದ ಓದುವುದು, ತೊಟ್ಟಿಲಮ್ಮ ತಲೆದಿಂಬನ್ನು ಮಗು ಮಾಡಿಕೊಂಡು ತೋರಿಸುವುದು. ರೆಸ್ಟ್‌ಲೆಸ್ ಅಂದರೆ ಹಾಸಿದ ಬಟ್ಟೆ ಅರ್ಧ ಗಂಟೆಯಲ್ಲಿ ಕಾಲ ಕೆಳಗೆ ಮುದ್ದೆಯಾಗಿರುತ್ತೆ. ಸ್ಟೆಡಿ ಅಂದರೆ ಬೆಳಗ್ಗೆ ಎಷ್ಟು ಉಸಿರು ಎಣಿಸಿದೆನೋ ಸಂಜೆಯೂ ಅಷ್ಟೇ ಸಿಗುತ್ತೆ. ರೆಫ್ಯೂಸ್ ಅಂದರೆ ತುಟಿ ಬಿಗಿಹಿಡಿದು ಮುಖ ಆ ಕಡೆ ತಿರುಗಿಸುತ್ತೆ, "ನಮ್ಮೆಜಮಾನ್ರು ನಾನು ಮಾಡಿದ ಅಡುಗೆ ನೋಡಿದಾಗ ಮಾಡ್ತಾರಲ್ಲ ಹಾಗೆ." ಮಂಗಳವಾರ ಗಂಡನೂ ಬಂದು ಬಾಗಿಲಲ್ಲಿ ನಿಂತು, ಹೆಂಡತಿ ದಿಂಬಿನ ಬೆನ್ನು ತಟ್ಟಿ ತೇಗು ತರಿಸುತ್ತಿರುವುದನ್ನು ನೋಡಿ, "ಭಾವ, ಇವಳಿಗೆ ಇಂಗ್ಲಿಷ್ ಬಂತೋ ಇಲ್ವೋ, ನಿಮಗೆ ಬಾಣಂತನ ಮಾಡೋಕೆ ಬಂತು," ಅಂದ. ಮೂವರೂ ಹೊಟ್ಟೆ ಹಿಡಿದುಕೊಂಡು ನಕ್ಕರು.

ಬುಧವಾರ ಸಂಜೆ ಅವಳು ಹೊರಟಾಗ ತಿದ್ದುಪಡಿಯವರು ಹಿತ್ತಲ ಬಾಗಿಲವರೆಗೆ ಹೋದರು. ನಾಳೆ ಪಾಸಾದರೆ ಈ ಪಾಠಕ್ಕೆ ಕಾರಣವೇ ಇರುವುದಿಲ್ಲ. ಐದು ಗಂಟೆ ಮತ್ತೆ ಬರೀ ಐದು ಗಂಟೆಯಾಗುತ್ತದೆ. ಅದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಆದರೂ ಈ ಸಲ ಅವರ ಮನಸ್ಸಿನಲ್ಲಿ ಒಂದೇ ಆಸೆ ಇತ್ತು, ಇವಳು ಗೆದ್ದು ತನ್ನ ಮಕ್ಕಳ ಹತ್ತಿರ ಹೋಗಲಿ ಎಂದು. ಅಷ್ಟರಮಟ್ಟಿಗೆ ತಮ್ಮ ಮೇಲೆ ತಮಗೆ ಸಮಾಧಾನವಾಯಿತು.

ಗುರುವಾರ ಹನ್ನೊಂದಕ್ಕೆ ಸರಿಯಾಗಿ ಮೇಟ್ರನ್ ಇಬ್ಬರನ್ನೂ ಒಳಗೆ ಕರೆದಳು. "ನೀವು ಆ ಬೆಂಚಿನ ಮೇಲೆ ಕೂರಿ," ಎಂದು ತಿದ್ದುಪಡಿಯವರಿಗೆ ಹೇಳಿದಳು. "ಬಾಯಿ ಬಿಟ್ರೆ, ಸನ್ನೆ ಮಾಡಿದ್ರೆ, ಪರೀಕ್ಷೆ ಅಲ್ಲಿಗೆ ನಿಲ್ಲಿಸ್ತೀನಿ." ತಿದ್ದುಪಡಿಯವರು ಎರಡು ಕೈಯನ್ನೂ ತೊಡೆಯ ಕೆಳಗೆ ಸೇರಿಸಿಕೊಂಡು ಕೂತರು.

ಮೊದಲ ಪದಕ್ಕೆ ತೊಟ್ಟಿಲಮ್ಮನ ದನಿ ನಡುಗಿತು. ಎರಡನೆಯದಕ್ಕೆ ಅವಳ ಕೈ ತಾನಾಗಿಯೇ ಮೇಲೆದ್ದು, ಇಲ್ಲದ ಮಗುವೊಂದನ್ನು ಮೊಳಕೈ ಮೇಲೆ ಮಲಗಿಸಿಕೊಂಡಿತು. ಅಲ್ಲಿಂದಾಚೆಗೆ ಮಾತು ಸರಾಗವಾಯಿತು. ಮೇಟ್ರನ್ ಒಂದೆರಡು ಸಲ ಬರೆಯುವುದನ್ನು ನಿಲ್ಲಿಸಿ ಕೇಳುತ್ತ ಕೂತಳು. ಆದರೆ ಎಲ್ಲವೂ ಮಗುವಿನ ಮೈಮೇಲೆ ಕಾಣುವ ಪದಗಳಲ್ಲವಲ್ಲ. ಡೋಸು, ಸ್ಯಾಂಪಲ್ಲು, ರೆಫರ್, ಅಂಥವು ಬಂದಾಗ ಅವಳು ತಡವರಿಸಿದಳು, ಎಂಟು ಕೈತಪ್ಪಿ ಹೋದವು. ತಿದ್ದುಪಡಿಯವರು ಒಳಗೊಳಗೇ ಎಣಿಸುತ್ತಿದ್ದರು. ಹತ್ತೊಂಬತ್ತು ಪದ ಮುಗಿದಾಗ ಸರಿಯಾದದ್ದು ಹನ್ನೊಂದು. ಇನ್ನು ಒಂದೇ ಪದ, ಬೇಕಾದದ್ದೂ ಒಂದೇ.

ಮೇಟ್ರನ್ ಚಾರ್ಟೊಂದನ್ನು ತಿರುವಿ ಬೆರಳಿಟ್ಟಳು. "ಇಲ್ಲಿ ನೋಡು. ಮಗು ನಾಳೆ ಮನೆಗೆ ಹೋಗಬಹುದು ಅಂತ ನರ್ಸ್ ಬರೆದಿದಾಳೆ. ಇದೊಂದು ಪದ, ಎಕ್ಸ್‌ಪೆಕ್ಟ್. ಹಾಗಂದ್ರೆ ಏನು?"

ಆ ಪದವನ್ನು ತಿದ್ದುಪಡಿಯವರು ಓದಿಸಿರಲಿಲ್ಲ. ಅದರ ಜೊತೆ ವೇಟ್ ಎಂಬುದು ಅವರ ರಿಜಿಸ್ಟರಿನ ಯಾವ ಪುಟದಲ್ಲಿದೆ ಎಂದೂ ಅವರಿಗೆ ಗೊತ್ತಿತ್ತು. ವೇಟ್ ಅಂದರೆ ಬರೀ ಕಾಯುವುದು, ಎಕ್ಸ್‌ಪೆಕ್ಟ್ ಅಂದರೆ ಬರುತ್ತದೆಂದು ನಂಬುವುದು. ತೊಟ್ಟಿಲಮ್ಮ ಅವರ ಕಡೆ ತಿರುಗಿದಳು. ಅವರು ಕಣ್ಣು ಕೆಳಗೆ ಹಾಕಿದರು.

ಹೊರಗೆ ಯಾರೋ ಗಾಡಿ ತಳ್ಳಿಕೊಂಡು ಹೋದ ಸದ್ದು ಬಂದು ದೂರವಾಯಿತು.

"ಗೊತ್ತಿಲ್ಲ ಅಂದ್ರೆ ಹೇಳ್ಬಿಡಮ್ಮ."

"ಗೊತ್ತು," ಅಂದಳು ತೊಟ್ಟಿಲಮ್ಮ. ಅವಳಿನ್ನೂ ಭಾವನನ್ನೇ ನೋಡುತ್ತಿದ್ದಳು. "ಚಾರ್ಟಲ್ಲಿ ಆ ಪದ ಬರೆದ ದಿನ ಅಪ್ಪ ಅಮ್ಮ ಮಗುವಿನ ಹೊಸ ಬಟ್ಟೆ ತಂದು ಇಟ್ಟುಬಿಡ್ತಾರೆ, ನಾನು ನೋಡಿದೀನಿ. ಆದ್ರೆ ಅದನ್ನ ಹೇಗೆ ಹೇಳ್ಬೇಕು ಅಂತ... ಇವರನ್ನ ನೋಡಿ ಅಮ್ಮ. ನಮ್ಮ ಭಾವ. ಅಕ್ಕ ಹೋದ ಮೇಲೆ ನಾಲ್ಕು ವರ್ಷ ಇವರ ಅಡುಗೆಮನೆ ಕಿಟಕೀಲಿ ಒಂದೇ ಲೋಟ ಇರ್ತಿತ್ತು. ನಾನು ಬಟ್ಟೆ ಒಣಗಿ ಹಾಕೋಕೆ ಹಿತ್ತಲಿಗೆ ಹೋದ್ರೆ ಕಾಣುತ್ತೆ. ನಾನು ಪಾಠಕ್ಕೆ ಹೋಗೋಕೆ ಶುರು ಮಾಡಿದ್ ಮೇಲೆ ಎರಡು ಲೋಟ ಆಯ್ತು. ಐದು ಗಂಟೆಗೆ ಮುಂಚೆ ತೊಳೆದು ಇಟ್ಟಿರ್ತಾರೆ. ಭಾನುವಾರ ಪಾಠ ಇಲ್ಲ. ಅದು ಇವರಿಗೂ ಗೊತ್ತು. ಆದ್ರೂ ಭಾನುವಾರವೂ ಎರಡು ಲೋಟ ಇರುತ್ತೆ. ಅದು ಎಕ್ಸ್‌ಪೆಕ್ಟ್."

ತಿದ್ದುಪಡಿಯವರ ಮೈಯಲ್ಲಿದ್ದ ರಕ್ತವೆಲ್ಲ ಕಿವಿಗೇರಿತು. ಅವರು ಆ ಲೋಟಗಳ ಬಗ್ಗೆ ತಮ್ಮೊಳಗೂ ಮಾತಾಡಿಕೊಂಡವರಲ್ಲ. ಕೈ ತೊಳೆದಿಟ್ಟಿತು, ಅಷ್ಟೇ ಅಂದುಕೊಂಡಿದ್ದರು. ಯಾರೂ ನೋಡುತ್ತಿಲ್ಲ ಎಂದುಕೊಂಡದ್ದನ್ನು ಇವಳು ಎಂಟು ವಾರದಿಂದ ನೋಡುತ್ತ, ಒಂದು ಮಾತೂ ಆಡದೆ ಬಟ್ಟೆ ಒಣಗಿ ಹಾಕಿಕೊಂಡು ಹೋಗಿದ್ದಳು.

ಮೇಟ್ರನ್ ಪೆನ್ನಿನ ಹಿಂಬದಿಯಿಂದ ಮೇಜು ತಟ್ಟಿದಳು. "ಕಥೆ ಚೆನ್ನಾಗಿದೆ. ಆದ್ರೆ ಅದು ಬರೀ ಅಭ್ಯಾಸ ಇರಬಹುದು. ವಾರವೆಲ್ಲ ಇಟ್ಟ ಕೈ, ಭಾನುವಾರವೂ ಇಟ್ಟಿರಬಹುದು. ವಯಸ್ಸಾದವರು, ವಾರ ಮರೆತಿರಬಹುದು. ಅಭ್ಯಾಸಕ್ಕೂ ಮರೆವಿಗೂ ನಾನು ಮಾರ್ಕು ಕೊಡೋಕಾಗಲ್ಲ." ಆಮೇಲೆ ಬೆಂಚಿನ ಕಡೆ ತಿರುಗಿದಳು. "ನೀವೇ ಹೇಳಿ ಯಜಮಾನ್ರೇ. ಈಗ ಬಾಯಿ ಬಿಡಬಹುದು. ಅಭ್ಯಾಸವೋ?"

ಹೌದು, ಅಭ್ಯಾಸ ಎಂದುಬಿಟ್ಟರೆ ಸಾಕಿತ್ತು. ಅರುವತ್ತೆಂಟು ವರ್ಷದ ಮನುಷ್ಯನ ಮಾನ ಉಳಿಯುತ್ತಿತ್ತು. ಸುಖ ದುಃಖ ಯಾವುದನ್ನೂ ಬೀದಿಗೆ ತಾರದೆ ಬದುಕಿದವರು ಅವರು. ಹೆಂಡತಿಯನ್ನು ಕಳಿಸಿಕೊಟ್ಟು ಬಂದ ದಿನವೂ ಒಬ್ಬರ ಮುಂದೆಯೂ ಕಣ್ಣು ಒದ್ದೆ ಮಾಡಿಕೊಂಡಿರಲಿಲ್ಲ. ಬಾಗಿಲ ಹತ್ತಿರ ಯಾರೋ ಒಬ್ಬ ನರ್ಸ್ ಫೈಲು ಹಿಡಿದು ನಿಂತು ಅವಳೂ ಕೇಳಿಸಿಕೊಳ್ಳುತ್ತಿದ್ದಳು.

ಅವರು ತೊಡೆಯ ಕೆಳಗಿನಿಂದ ಕೈ ತೆಗೆದು ಎದ್ದು ನಿಂತರು.

"ಅಭ್ಯಾಸ ಏನಿಲ್ಲ," ಅಂದರು. ದನಿ ಒಡೆದಿತ್ತು. ಕೆಮ್ಮಿ ಸರಿಮಾಡಿಕೊಂಡು ಮತ್ತೆ ಹೇಳಿದರು. "ವಾರ ಮರೆಯೋ ಅಷ್ಟು ಮುದುಕನೂ ಆಗಿಲ್ಲ. ಭಾನುವಾರ ಅಂತ ಗೊತ್ತಿದ್ದೇ ಇಡ್ತೀನಿ. ಬರಬಹುದು ಅಂತ. ಹಿತ್ತಲ ಬಾಗಿಲು ಸದ್ದಾದ್ರೆ ಎದ್ದು ನೋಡ್ತೀನಿ. ಆರು ಗಂಟೆವರೆಗೂ ನೋಡಿ, ಆಮೇಲೆ ಒಂದು ಲೋಟ ಒಳಗಿಡ್ತೀನಿ."

ಮೇಟ್ರನ್ ತಲೆ ಬಗ್ಗಿಸಿ ಹಾಳೆಯ ಮೇಲೆ ಹನ್ನೆರಡನೆಯ ಗುರುತು ಹಾಕಿದಳು. "ಈಗಲೇ ವಾರ್ಡಿಗೆ ಹೋಗು," ಎಂದು ತೊಟ್ಟಿಲಮ್ಮನಿಗೆ ಹೇಳಿದಳು. "ಲಾಂಡ್ರಿಯ ಏಪ್ರನ್ ಸಂಜೆ ವಾಪಸು ಕೊಟ್ರೆ ಸಾಕು."

ತೊಟ್ಟಿಲಮ್ಮ ಕೈ ಮುಗಿದಳು, ಮೇಟ್ರನ್ನಿಗೊಮ್ಮೆ, ಬೆಂಚಿನ ಕಡೆಗೊಮ್ಮೆ. ಅವಳ ಕೆನ್ನೆ ತೋಯ್ದುಹೋಗಿತ್ತು.

ಹೊರಗಿನ ಓಣಿಯಲ್ಲಿ ಇಬ್ಬರೂ ಸ್ವಲ್ಪ ದೂರ ನಡೆದರು. ಮೆಟ್ಟಿಲ ಹತ್ತಿರ ಅವಳು ನಿಂತಳು.

"ಕ್ಷಮಿಸಿ ಭಾವ. ಎಲ್ಲರ ಎದುರಿಗೆ ಹೇಳಿಬಿಟ್ಟೆ. ಬೇರೆ ಏನೂ ತೋಚಲಿಲ್ಲ."

ತಿದ್ದುಪಡಿಯವರು ಗೋಡೆಗೆ ಕೈ ಕೊಟ್ಟು ನಿಂತುಕೊಂಡರು. ನಾಚಿಕೆ ಇನ್ನೂ ಮೈಬಿಟ್ಟು ಇಳಿದಿರಲಿಲ್ಲ. ಆದರೆ ಎದೆಯ ಮೇಲಿಂದ ಏನೋ ಇಳಿದಿತ್ತು. ಅದಕ್ಕೆ ಯಾವ ಪದ ಎಂದು ಅವರಿಗೆ ಹೊಳೆಯಲಿಲ್ಲ, ಹುಡುಕುವ ಮನಸ್ಸೂ ಬರಲಿಲ್ಲ.

"ನೋಡಿದ್ದನ್ನ ಹೇಳಿದೆ, ಅದಕ್ಯಾಕೆ ಕ್ಷಮಿಸೋದು," ಅಂದರು. "ನಡಿ, ಹೊತ್ತಾಗುತ್ತೆ."

"ನೋಡಿ ನೋಡಿಯೂ ಎಂಟು ಭಾನುವಾರ ಬರದೆ ಸುಮ್ನಿದ್ದೆನಲ್ಲ ಭಾವ, ಅದಕ್ಕೆ," ಅಂದಳು ತೊಟ್ಟಿಲಮ್ಮ. ಸೆರಗಿನಿಂದ ಮುಖ ಒರೆಸಿಕೊಂಡು, ಮಕ್ಕಳ ಅಳು ಕೇಳಿಬರುತ್ತಿದ್ದ ಕಡೆಗೆ ಬೇಗ ಬೇಗ ನಡೆದಳು.